ಕುಚ್ಚಕ್ಕನ ಮನೆಯ ಧಾರೆ ಸೀರೆ

ಕುಚ್ಚಕ್ಕನ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಗಂಡನೆಂಬ ಮಹಾನುಭಾವ ಅದನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ್ದ. ಕಾರಣ ಕೇಳಬೇಡಿ. ಅಂಥವರಿಗೆ ಸ್ನಾನದ ನೀರು ತಣ್ಣಗಿದ್ದರೂ ಸಾಕು, ಬಿಸಿಯಾಗಿದ್ದರೂ ಸಾಕು. ಅವನು ಸತ್ತ ದಿನ ಓಣಿಯ ಹೆಂಗಸರೆಲ್ಲ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಕುಚ್ಚಕ್ಕ ಮಾತ್ರ ಅಳಲಿಲ್ಲ. ಎಲ್ಲರೂ ಹೋದ ಮೇಲೆ ಒಳಗಿನ ಕೋಣೆಯಲ್ಲಿ ಕೈಕಾಲು ಚಾಚಿ ಮಲಗಿ, ಮರುದಿನ ಬಿಸಿಲೇರುವ ತನಕ ನಿದ್ದೆ ಹೊಡೆದಳು.

ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳಾದ್ದರಿಂದ ಆ ಹೆಸರು. ಆದರೆ ಕುಚ್ಚು ಕಟ್ಟುವುದು ಅವಳ ಕೆಲಸದಲ್ಲಿ ಕಾಲುಪಾಲೂ ಅಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಹಳೆಯ ಕಂಬಳಿ, ಇಸ್ತ್ರಿ ಪೆಟ್ಟಿಗೆ, ಕೆಳಗೆ ತಣ್ಣೀರಿನ ಬೋಗುಣಿ, ಮೂಲೆಯಲ್ಲಿ ಸೀರೆ ಸುತ್ತುವ ಮರದ ದಿಂಡುಗಳು. ಯಾರ ಮನೆಯಲ್ಲಿ ಮದುವೆಯಿರಲಿ, ಪೂಜೆಯಿರಲಿ, ಹೆಂಗಸರು ಮೊದಲು ಬರುವುದು ಅಲ್ಲಿಗೇ.

"ಹೋಮಕ್ಕೆ ಕೂತ್ಕೊಳ್ಳೋಳು ಈ ನೈಲಾನ್ ಉಡ್ತೀಯಾ ತಾಯಿ? ಒಂದು ಕಿಡಿ ಹಾರಿದ್ರೆ ಕರಗಿ ಮೈಗೇ ಅಂಟ್ಕೊಳ್ಳುತ್ತೆ. ರೇಷ್ಮೆ ಆದ್ರೆ ಬಿದ್ದ ಕಡೆ ತೂತಾಗಿ ಅಲ್ಲಿಗೇ ಆರಿಹೋಗುತ್ತೆ."

"ಬಣ್ಣ ಯಾವ್ದು ಅಕ್ಕಾ?"

"ಕೆಂಪಂಚಿನ ಹಳದಿ ಉಟ್ಕೋ. ಅರಿಶಿನ ಬಿದ್ರೂ ಕಾಣಲ್ಲ, ಕುಂಕುಮ ಬಿದ್ರೂ ಕಾಣಲ್ಲ. ದೇವರಿಗೂ ಖುಷಿ, ನನಗೂ ಕೆಲಸ ಕಮ್ಮಿ."

ಹೀಗೆ ನಗಿಸುತ್ತಲೇ ಗದರುವಳು. ಉಟ್ಟು ಬಿಚ್ಚಿದ ಸೀರೆಯನ್ನು ಬೆವರಿನ ಸಮೇತ ಬೀರುವಿಗೆ ತುರುಕಬೇಡ, ನೆರಳಲ್ಲಿ ಆರಲಿ. ಜರಿಗೆ ನುಸಿಗುಳಿಗೆ ತಾಗಿಸಬೇಡ, ಕಪ್ಪಾಗುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿಡು. ಎಲ್ಲಕ್ಕಿಂತ ಮುಖ್ಯವಾಗಿ ಆಗಾಗ ಬಿಚ್ಚಿ ಮಡಿಕೆ ಬದಲಿಸು, ಇಲ್ಲವೆಂದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳಿಕೊಳ್ಳುತ್ತದೆ. ಈ ಮಾತನ್ನು ಕೇಳಿ ಕೇಳಿ ಓಣಿಯವರ ಕಿವಿ ತೂತಾಗಿತ್ತು.

ಇನ್ನು ರಕ್ತದ ಕಲೆ. ಅದನ್ನು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಣ್ಣೀರು, ಹೆಬ್ಬೆರಳಿಗೆ ಒಂದಿಷ್ಟು ಎಂಜಲು, ಒರಟಾಗಿ ಉಜ್ಜದ ಕೈ, ಅಷ್ಟೇ. ಎಂಜಲು ಮುಟ್ಟಿಸಿದ ಸೀರೆ ಮಡಿಗೆ ಬರುತ್ತದೆಯೇ ಎಂದು ಕೇಳಬಹುದಾದ ಮಡಿವಂತರಿಗೆ ಅವಳು ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಬಿಸಿ ಮಾತ್ರ ತಾಗಬಾರದು. ತಾಗಿತೋ, ರಕ್ತ ನೂಲಿನೊಳಗೆ ಕೂತುಬಿಡುತ್ತದೆ, ಬ್ರಹ್ಮ ಬಂದರೂ ಹೋಗುವುದಿಲ್ಲ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಗಂಡ ಗುದ್ದಿದಾಗಲೆಲ್ಲ ತನ್ನ ಮೂಗಿನಿಂದ ಸುರಿದದ್ದನ್ನು ತೊಳೆದೂ ತೊಳೆದೂ ಕಲಿತ ವಿದ್ಯೆ.

ಗಂಡ ಹೋದ, ಆದರೆ ಅವನ ಕೈ ಹೋಗಲಿಲ್ಲ. ಅದು ಮಗನಿಗೆ ಬಂತು. ಮೋಟಾರು ರಿಪೇರಿ ಮಾಡುವ ಮಗ, ಹೊರಗೆ ಎಲ್ಲರೊಡನೆ ನಗುನಗುತ್ತಾ ಮಾತಾಡುವವನು, ಮದುವೆಯಾದ ವರ್ಷವೇ ಹೆಂಡತಿಯ ತುಟಿ ಒಡೆದ. ಆಗ ಕುಚ್ಚಕ್ಕ ಮಾಡಿದ್ದೇನು? ಸೊಸೆಯ ಸೆರಗನ್ನು ತಣ್ಣೀರಿಗೆ ಅದ್ದಿದಳು.

"ಅವನಿಗೆ ಮೂಗಿನ ತುದೀಲೇ ಕೋಪ ಕಣಮ್ಮ," ಎಂದಳು. "ಒಂದು ಮಗು ಆಗಲಿ, ಸರಿಹೋಗ್ತಾನೆ."

ಸೊಸೆ ಬಸಿರಾದಳು. ಹೊಟ್ಟೆ ಕಾಣುವ ಮೊದಲೇ ಅವನು ಒಂದು ದಿನ ಅದೇ ಹೊಟ್ಟೆಗೆ ಒದ್ದ. ಬಸಿರು ನಿಲ್ಲಲಿಲ್ಲ. ಆಗಲೂ ಹಾಸಿಗೆಯ ಬಟ್ಟೆ ಒಗೆದವಳು ಕುಚ್ಚಕ್ಕನೇ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಓಣಿಗೆಲ್ಲ ಹೇಳಿದವಳೂ ಅವಳೇ. ಆಮೇಲೆ ವರ್ಷಗಳು ಉರುಳಿದವು, ಮಕ್ಕಳಾಗಲಿಲ್ಲ. ಆಗ ಈ ಪುಣ್ಯಾತ್ಮ ಮಗ ಏನು ಮಾಡಿದ ಗೊತ್ತೇ? ಸಂತಾನ ಬೇಕೆಂದು ಹೋಮ ಇಟ್ಟುಕೊಂಡ! ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಹೋಮಕ್ಕೆ ಸೊಸೆ ತನ್ನ ಧಾರೆ ಸೀರೆಯನ್ನೇ ಉಡಬೇಕೆಂದು ಅವನ ಹಟ. ಆ ಸೀರೆ ಮದುವೆಯ ಮಾರನೆಯ ದಿನದಿಂದ ಕುಚ್ಚಕ್ಕನ ಬೀರುವಿನಲ್ಲಿತ್ತು. "ಒಳ್ಳೆ ಸೀರೆ, ನೀನು ಹಾಳ್ಮಾಡ್ತೀಯ," ಎಂದು ಇಸಿದುಕೊಂಡು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಊರವರ ಸೀರೆಗಳ ಮಡಿಕೆ ಬದಲಿಸಿದ್ದೇ ಬದಲಿಸಿದ್ದು, ಮನೆಯ ಸೊಸೆಯ ಸೀರೆಯನ್ನು ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಕೇಳುವವರು ಯಾರು? ಸೊಸೆಗೆ ಬಾಯಿಯೇ ಇರಲಿಲ್ಲ.

ಹೋಮದ ಬೆಳಿಗ್ಗೆ ಹಿತ್ತಲಲ್ಲಿ ಪುರೋಹಿತರು ಇಟ್ಟಿಗೆ ಜೋಡಿಸುತ್ತಿದ್ದರು. ನಾಲ್ಕಾರು ನೆಂಟರು ಕೂತಿದ್ದರು. ಅಂಗಡಿಯ ಕೋಣೆಯಲ್ಲಿ ಕುಚ್ಚಕ್ಕ ಇಸ್ತ್ರಿ ಕಾಯಿಸಿಟ್ಟುಕೊಂಡು, ಸೀರೆ ಬಿಚ್ಚಿ ಸೊಸೆಯ ಕೈಗೆ ಕೊಟ್ಟಳು. ಸೊಸೆ ನೆರಿಗೆ ಹಿಡಿದು ಎಳೆದದ್ದೇ ತಡ, ಮಡಿಕೆಯ ಗೆರೆಯುದ್ದಕ್ಕೂ ಪರ್ರನೆ ಸೀಳಿಹೋಯಿತು.

ಮಡಿಪಂಚೆ ಉಟ್ಟ ಮಗ ಬಾಗಿಲಲ್ಲೇ ನಿಂತಿದ್ದ.

"ಹೋಮದ ದಿನ ಧಾರೆ ಸೀರೆ ಹರೀತೀಯಾ? ನನ್ನ ಸಾವು ನೋಡ್ಬೇಕಾ ನಿನಗೆ?"

"ಇಲ್ಲಾ ರೀ, ನಾನೇನೂ..."

ಮೂಲೆಯಲ್ಲಿದ್ದ ದಿಂಡು ಅವನ ಕೈಗೆ ಬಂತು. ಮೊದಲ ಏಟು ಭುಜಕ್ಕೆ. ಎರಡನೆಯದನ್ನು ತಡೆಯಲು ಅವಳು ಕೈಯೆತ್ತಿದಳು, ಬಳೆಗಳು ಪುಡಿಯಾಗಿ ಮುಂಗೈಗೆ ಚುಚ್ಚಿಕೊಂಡವು. ತುರುಬು ಹಿಡಿದು ಅವಳ ಮುಖವನ್ನು ಮೇಜಿನ ಅಂಚಿಗೆ ಚಚ್ಚಿದ. ಹುಬ್ಬು ಒಡೆದು ರಕ್ತ ಸೀರೆಯ ಮೇಲೆ ಸುರಿಯಿತು. ಹಿತ್ತಲಿನ ನೆಂಟರಿಗೆ ಎಲ್ಲ ಕೇಳಿಸುತ್ತಿತ್ತು. ಒಬ್ಬರೂ ಏಳಲಿಲ್ಲ.

ಈಗ ಸುಮ್ಮನಿದ್ದರೆ ಇವನು ಅವಳನ್ನು ಕೊಂದೇಬಿಡುತ್ತಾನೆ ಎಂದು ಕುಚ್ಚಕ್ಕನಿಗೆ ಅನ್ನಿಸಿತು. "ಬಿಡೋ! ತಪ್ಪು ನಂದು ಕಣೋ," ಎಂದು ಅವನ ತೋಳಿಗೆ ಜೋತುಬಿದ್ದಳು. "ಮಡಿಕೆ ಬದಲಿಸ್ದೆ ಬೀರುವಲ್ಲಿ ಕೊಳೆಹಾಕಿದೋಳು ನಾನು. ಅವಳು ಆ ಸೀರೆ ಮುಟ್ಟೇ ಇಲ್ಲ."

"ಅವಳ ಪರ ವಹಿಸ್ಬೇಡ!" ಅವನು ತಾಯಿಯನ್ನು ಗೋಡೆಗೆ ನೂಕಿದ. ಸೀರೆಯನ್ನು ತಾಯಿಯ ಮುಖಕ್ಕೇ ಎಸೆದ. "ಬೇಗ ಕಲೆ ತೆಗಿ. ಹರಿದಿದ್ದು ಒಳಗೆ ಹೋಗೋ ಹಾಗೆ ಉಡಿಸು. ಪುರೋಹಿತರು ಕಾಯ್ತಿದಾರೆ."

ಅಭ್ಯಾಸ ಎನ್ನುವುದು ಎಂಥ ಕೆಟ್ಟದ್ದು ನೋಡಿ. ತಲೆ ಗಿಮ್ಮೆನ್ನುತ್ತಿದ್ದರೂ ಕುಚ್ಚಕ್ಕನ ಹೆಬ್ಬೆರಳು ತಾನಾಗಿಯೇ ಬಾಯಿಗೆ ಹೋಯಿತು. ಅಷ್ಟರಲ್ಲಿ ಕಾಲಿಗೆ ಏನೋ ತಗುಲಿತು. ನೆಲದ ಮೇಲೆ ಕುಸಿದಿದ್ದ ಸೊಸೆ, ಒಂದು ಕೈಯಲ್ಲಿ ಹುಬ್ಬು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಣ್ಣೀರಿನ ಬೋಗುಣಿಯನ್ನು ಅತ್ತೆಯ ಕಡೆಗೆ ಸರಿಸುತ್ತಿದ್ದಳು. ಯಾರೂ ಹೇಳಿರಲಿಲ್ಲ. ಅವಳಿಗೂ ಅಭ್ಯಾಸವಾಗಿತ್ತು.

ಕುಚ್ಚಕ್ಕ ಬೋಗುಣಿಯನ್ನು ಒದ್ದಳು. ಸೀರೆಯನ್ನು ಮೇಜಿನ ಮೇಲೆ ಹರಡಿ, ಕಾದ ಇಸ್ತ್ರಿಯನ್ನು ಹಸಿ ರಕ್ತದ ಮೇಲೆ ಅದುಮಿ ಹಿಡಿದಳು. ಚುಂಯ್ ಎಂದಿತು. ಕೂದಲು ಸುಟ್ಟ ವಾಸನೆ ಕೋಣೆಯ ತುಂಬ ಎದ್ದಿತು.

"ಏನ್ಮಾಡ್ದೆ?"

"ಕೂರಿಸ್ದೆ. ಇನ್ನು ನನ್ನ ಕೈಯಿಂದಲೂ ಹೋಗಲ್ಲ."

ಅವನು ದಿಂಡನ್ನು ಹೆತ್ತವಳ ತಲೆಯ ಮೇಲೆತ್ತಿದ. ಕುಚ್ಚಕ್ಕ ಹಿಂದೆ ಮುಂದೆ ನೋಡಲಿಲ್ಲ. ಆ ಕೈಯ ಮಣಿಕಟ್ಟಿಗೆ ಇಸ್ತ್ರಿ ಒತ್ತಿದಳು. ತಾನು ಹಾಲು ಕುಡಿಸಿದವನ ಚರ್ಮ ಸುಲಿದು ಬಂತು. ಅವನು ಅರಚುತ್ತಾ ಬಿದ್ದು ಹೊರಳಾಡಿದ. ಆಗ ಓಡಿಬಂದರು ನೋಡಿ ನೆಂಟರು!

ಕುಚ್ಚಕ್ಕ ಸೀರೆಯನ್ನು ಅವರ ಮುಂದೆ ಬಿಚ್ಚಿ ಹಿಡಿದಳು. "ಜಾರಿ ಬಿದ್ದಿದ್ದಲ್ಲ, ಇವನು ಹೊಡ್ದಿದ್ದು. ಅವಳ ಬಸಿರು ಇಳಿದಿದ್ದೂ ಇವನು ಒದ್ದಿದ್ದಕ್ಕೇ. ಅವತ್ತು ನಾನು ಸುಳ್ಳು ಹೇಳ್ದೆ. ಪುರೋಹಿತರೇ, ಹೋಮ ಸಾಕು, ಎದ್ದು ಹೋಗಿ."

ಪುರೋಹಿತರು ಚೀಲ ಹೆಗಲಿಗೇರಿಸಿ ಹೊರಟರು. ನೆಂಟರು ಮಗನನ್ನು ಎತ್ತಿ ಒಳಗೆ ಒಯ್ದರು. ಸೊಸೆ ಎದ್ದು, ದಿನವೂ ಉಡುವ ನೂಲಿನ ಸೀರೆ ಉಟ್ಟುಕೊಂಡಳು. ಹುಬ್ಬಿಗೆ ಬಟ್ಟೆ ಕಟ್ಟಲು ಕುಚ್ಚಕ್ಕ ಹತ್ತಿರ ಹೋದಳು.

"ಮುಟ್ಬೇಡಿ ಅತ್ತೆ."

"ನಿನ್ನ ತಾಯಿಮನೆ ತನಕ ನಾನೂ ಬರ್ತೀನಿ ಕಣಮ್ಮ. ಎಲ್ಲಾ ನಾನೇ ಹೇಳ್ತೀನಿ."

"ಬೇಡ." ಸೊಸೆ ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಅವರು ಹೊಡೀತಿದ್ರು, ನೀವು ತೊಳೀತಿದ್ರಿ. ನೀವು ಮೊದಲನೇ ಸಲವೇ ತೊಳೀದೆ ಬಿಟ್ಟಿದ್ರೆ, ಇಷ್ಟು ಹೊತ್ತಿಗೆ ನನ್ನ ಮಗು ಶಾಲೆಗೆ ಹೋಗ್ತಿತ್ತು."

"ಹೌದು ಕಣಮ್ಮ," ಎಂದಳು ಕುಚ್ಚಕ್ಕ, ಮತ್ತು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು.