ಬೀರುವಿನ ಮೇಲಿನ ಮಳೆಮಾಪಕ

ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಈ ಬೇಸಿಗೆಯಲ್ಲಿ ನಮ್ಮೂರಿಗೆ ಬೀಳಲಿಲ್ಲ. ಕಡತದಲ್ಲಿ ಮಾತ್ರ ಬಿದ್ದಿದೆ. ಮೊಗ್ಗೆಲ್ಲ ಗಿಡದಲ್ಲೇ ಕರಕಲಾಯಿತೆಂದು ನಾನು ಕೊಟ್ಟ ಬೆಳೆಹಾನಿ ಅರ್ಜಿ, 'ಮಳೆ ಸಾಕಷ್ಟಾಗಿದೆ' ಎಂಬ ಷರಾದೊಡನೆ ಹಿಂದಿರುಗಿತು.

ಮೂರ್ನಾಡಿನ ತಂಗಿಯ ಮನೆಗೆ ಹೊರಟವನು ದಾರಿಯಲ್ಲೇ ಬಸ್ಸಿಳಿದು, ಮಳೆಯ ಲೆಕ್ಕವಿಡುವ ಕಚೇರಿಯನ್ನು ಹೊಕ್ಕೆ. ಅಂಗಳದ ಕಟ್ಟೆ ಬರಿದಾಗಿತ್ತು. ಅಲ್ಲಿರಬೇಕಾದ ಮಳೆಮಾಪಕ ಒಳಗೆ ಬೀರುವಿನ ಮೇಲೆ ಪ್ಲಾಸ್ಟಿಕ್ ಹೊದ್ದು ಕುಳಿತಿತ್ತು.

"ಹೊರ್ಗಿಟ್ರೆ ನೆಂದು ತುಕ್ಕು ಹಿಡೀತದೆ ಅಜ್ಜಾ," ಎಂದರು ಗುಮಾಸ್ತೆ.

"ನೆನೆಯೋದೇ ಅದರ ಕೆಲಸ ಕಣಮ್ಮ! ಮತ್ತೆ ಲೆಕ್ಕ ಹೆಂಗೆ ಬರೀತೀರಿ?"

"ಹೋದ ವರ್ಷದ್ದು ನೋಡ್ಕಂಡು. ಖಾಲಿ ಬಿಟ್ರೆ ಮೇಲಿನೋರು ಬೈತಾರೆ. ಆಕಾಶ ಅದೇ ಅಲ್ವಾ ಅಜ್ಜಾ?"

ಆಕಾಶ ಅದೇ, ಗಾಳಿ ಬೇರೆ. ಕಳೆದ ವರ್ಷ ಪಡುವಣ ಗಾಳಿ ಕಡಲ ಕಡೆಯಿಂದ ಮೋಡ ತಂದು, ಎರಡೇ ಮಳೆಗೆ ತೋಟ ಹೂವಿನಿಂದ ಬೆಳ್ಳಗಾಗಿತ್ತು. ಈ ವರ್ಷ ಒಣ ಮೂಡುಗಾಳಿ ಯುಗಾದಿ ಕಳೆದರೂ ಜಗ್ಗಲಿಲ್ಲ.

ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆಯನ್ನು ಇಂಚು ಮತ್ತು ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಅಳೆದು ಬರೆದಿಡುವುದು ನಮ್ಮ ತೋಟದವರ ಪದ್ಧತಿ. ಮೂವತ್ತೊಂದು ವರ್ಷಗಳಿಂದ ಒಂದು ದಿನವನ್ನೂ ಬಿಡದ ನನ್ನ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ. ಅವರು ನಾಲ್ಕು ಪುಟ ತಿರುವಿದರು.

"ಅಕ್ಷರ ಮುತ್ತಿನಂಗದೆ ಅಜ್ಜಾ. ಆದ್ರೆ ಸೀಲಿಲ್ವಲ್ಲ!"

ಷರಾ ಬರೆದ ಮಹನೀಯರೇ, ಹೋದ ವರ್ಷದ ಮಳೆಗೆ ಈ ವರ್ಷದ ಮೊಗ್ಗು ಅರಳಿದ್ದನ್ನು ತಾವು ಯಾವ ತೋಟದಲ್ಲಿ ಕಂಡಿರಿ?