ಬೋರ್ಡಿಗೆ ಬೀಳದ ಗೋಲು

ಊರಿನವರ ಬಾಯಲ್ಲಿ ಅವನು ಬೋರ್ಡಪ್ಪ. ಅಂಗಡಿಗಳ ಬೋರ್ಡು, ಲಾರಿಗಳ ನಂಬರು ಬರೆಯುವುದು ಕಸುಬು. ಆದರೆ ಆ ಅಡ್ಡಹೆಸರು ಬಂದದ್ದು ಫುಟ್‌ಬಾಲ್ ಕ್ಲಬ್ಬಿನ ಬಾಗಿಲ ಪಕ್ಕದ ಕರಿಹಲಗೆಯಿಂದ. ಪ್ರತಿ ಭಾನುವಾರ ಸಂಜೆ ಲೀಗಿನ ಎಂಟು ತಂಡಗಳ ಸ್ಥಾನ, ಅಂಕ, ಗೋಲು ಎಲ್ಲವನ್ನೂ ಅವನು ಅದರ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಅಕ್ಷರದ ಚೆಂದಕ್ಕೆ ಸೋತ ಲೀಗಿನವರು ಬೇರೆ ಲೆಕ್ಕ ಇಡುವ ಗೋಜಿಗೇ ಹೋಗದೆ, ಬೋರ್ಡಪ್ಪ ಬರೆದದ್ದೇ ಬ್ರಹ್ಮಲಿಪಿ ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಕ್ಲಬ್ಬಿನ ಸ್ಥಾನವೇನೂ ಹೇಳಿಕೊಳ್ಳುವಂಥದ್ದಲ್ಲ. ಏಳನೆಯದು ಬಂದರೆ ಪುಣ್ಯ, ಎಂಟನೆಯದು ಬಂದರೆ ರೂಢಿ. ಮೂವತ್ತೊಂದು ವರ್ಷದ ಹಿಂದೆ ಮಾತ್ರ, ಅದೇನು ಗ್ರಹಗತಿಯೋ, ಲೀಗ್ ಗೆದ್ದಿತ್ತು. ಸೇತುವೆಯಾಚೆಯ ತಂಡದ್ದೂ ಅಷ್ಟೇ ಅಂಕ. ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದರೆ ಇವರದು ಒಂದೇ ಒಂದು ಹೆಚ್ಚು. ಆ ಒಂದು ಗೋಲಿನ ವೈಭವ ಈಗಲೂ ಕ್ಲಬ್ಬಿನ ಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಆಗಿನ ಕ್ಯಾಪ್ಟನ್ ಬೋರ್ಡಪ್ಪನ ಸ್ವಂತ ಅಣ್ಣ. ಈಗ ಮೊಣಕಾಲು ಸವೆದು, ತನ್ನ ಕ್ಷೌರದಂಗಡಿಯಲ್ಲಿ ಒಂದೇ ಕಾಲಿಗೆ ಭಾರ ಕೊಟ್ಟು ನಿಲ್ಲುತ್ತಾನೆ. ಆ ವರ್ಷದ ಕತೆ ಕೇಳದೆ ಅವನ ಕುರ್ಚಿಯಿಂದ ಎದ್ದುಬಂದ ಗಿರಾಕಿಯಿಲ್ಲ. ನಡುವೆ ಏಳೋಣವೆಂದರೆ ಕತ್ತಿ ಅವನ ಕೈಯಲ್ಲಿರುತ್ತದಲ್ಲ.

ಕ್ಲಬ್ಬಿಗೆ ಐವತ್ತು ತುಂಬಿದಾಗ ಅಧ್ಯಕ್ಷರಾದ ಔಷಧಿ ಅಂಗಡಿಯವರು ಚರಿತ್ರೆಯ ಪುಸ್ತಕ ಬರಲೇಬೇಕೆಂದು ಹಟ ಹಿಡಿದರು. ಅಕ್ಷರ ದುಂಡಗಿದ್ದವನಿಗೆ ಬರವಣಿಗೆಯೂ ಬರುತ್ತದೆಂದು ಆ ಕೆಲಸವನ್ನು ಬೋರ್ಡಪ್ಪನ ತಲೆಗೆ ಕಟ್ಟಿದರು. ಅವನು, ಪ್ರತಿ ಆಟದ ಫಲಿತಾಂಶ ಬರೆದು ರೆಫರಿಗಳು ಕಳಿಸುತ್ತಿದ್ದ ಹಳೆಯ ಚೀಟಿಗಳಿದ್ದ ತಗಡಿನ ಪೆಟ್ಟಿಗೆ ತೆಗೆದು, ಆಸೆ ತಡೆಯದೆ, ಗೆದ್ದ ವರ್ಷದ ಕಟ್ಟನ್ನೇ ಮೊದಲು ಬಿಚ್ಚಿದ. ಒಂಬತ್ತನೆಯ ವಾರ ಗಿರಣಿ ತಂಡದ ಮೇಲೆ ಇವರು ಗೆದ್ದದ್ದು ನಾಲ್ಕು-ಎರಡು ಎಂದಿತ್ತು ಚೀಟಿ. ಬೋರ್ಡಿಗೆ ಬರೆಯುವ ಮೊದಲು ಅವನು ಲೆಕ್ಕ ಗುರುತು ಹಾಕಿಕೊಳ್ಳುತ್ತಿದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು-ಒಂದು.

ಆಗ ನೆನಪಾಯಿತು. ಆ ಚೀಟಿ ಬಂದದ್ದು ಬೋರ್ಡು ಬರೆದು ಮೂರು ದಿನವಾದ ಮೇಲೆ, ಬುಧವಾರ. ಕಣ್ಣಾರೆ ನೋಡಿದ ಆಟಕ್ಕೆ ಚೀಟಿ ಯಾಕೆ ಎಂದು ಓದದೆಯೇ ಪೆಟ್ಟಿಗೆಗೆ ಹಾಕಿದ್ದ. ಈಗ ನಾಲ್ಕು ಸಲ ಕೂಡಿ ಕಳೆದ. ಇನ್ನೊಂದು ಗೋಲು ತಿಂದಿದ್ದರೆ ಎರಡೂ ತಂಡ ಸಮ. ಸಮವಾದರೆ ಅವೆರಡೇ ಎದುರುಬದುರಾಗಿ ಆಡಿದ ಆಟಗಳಲ್ಲಿ ಗೆದ್ದವರದೇ ಕಪ್, ಮತ್ತು ಆ ವರ್ಷ ಸೇತುವೆಯಾಚೆಯವರು ಇವರನ್ನು ಎರಡು ಸಲವೂ ಚಚ್ಚಿ ಕಳಿಸಿದ್ದರು.

ಸೇತುವೆಯಾಚೆಯಿಂದಲೇ ಬಂದ ಹೆಂಡತಿ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡಳು.

“ಆವತ್ತು ನಾನೂ ಅಕ್ಕನ ಜೊತೆ ಬಂದಿದ್ದೆ. ನೀವು ಆಟ ಎಲ್ಲಿ ನೋಡಿದ್ರಿ? ಕಣ್ಣೆಲ್ಲ ನನ್ನ ಮೇಲೇ ಇತ್ತು. ಒಟ್ನಲ್ಲಿ ನಮ್ಮ ಕಡೆಯಿಂದ ಹೆಣ್ಣೂ ತಂದ್ರಿ, ಕಪ್ಪೂ ತಂದ್ರಿ. ಕಪ್ ಬೇಕಾದ್ರೆ ವಾಪಸ್ ಕೊಡಿ, ನಾನಂತೂ ಹೋಗಲ್ಲ.”

ಅವಳಿಗೆ ನಗು, ಇವನಿಗೆ ಪ್ರಾಣಸಂಕಟ. ಅಣ್ಣನಿಗೆ ಬದುಕಿನಲ್ಲಿ ಉಳಿದಿದ್ದ ಹೆಮ್ಮೆಯೆಂದರೆ ಅದೊಂದೇ. ಅದನ್ನು ತಮ್ಮನೇ ಕಿತ್ತುಕೊಳ್ಳುವುದೇ? ಚೀಟಿ ಸುಡಲು ಒಂದು ಬೆಂಕಿಕಡ್ಡಿ ಸಾಕಿತ್ತು. ಆದರೆ ಸುಳ್ಳೆಂದು ಗೊತ್ತಾದ ಮೇಲೆ ಅದೇ ಕೈಯಿಂದ ಪುಸ್ತಕ ಬರೆಯುವುದು ಅವನಿಂದಾಗುವ ಮಾತಲ್ಲ. ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ನಾಲ್ಕನೆಯ ದಿನ ಅಂಗಡಿ ಖಾಲಿಯಿದ್ದ ಮಧ್ಯಾಹ್ನ ಅಣ್ಣನ ಕುರ್ಚಿಯಲ್ಲಿ ಕೂತ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಚೀಟಿ ಚಾಚಿದ.

ಅಣ್ಣ ಅದನ್ನು ದೂರ ಹಿಡಿದು ಓದಿದ. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಈ ಎರಡನೇ ಗೋಲು ನಂದೇ ಕಣೋ. ಬಾಲ್ ಹೊರಗೆ ಹೊಡೆಯೋಕೆ ಹೋಗಿ ನಮ್ಮ ಗೋಲಿಗೇ ಹೊಡೆದೆ. ಸಂಜೆ ಬೋರ್ಡ್ ನೋಡಿದ್ರೆ ಒಂದೇ ಇತ್ತು. ಅಣ್ಣನ ಮಾನ ಉಳಿಸೋಕೆ ನೀನೇ ಬಿಟ್ಟಿದೀಯ ಅಂದ್ಕೊಂಡೆ. ನಾನು ಬಾಯಿಬಿಟ್ರೆ ಊರು ನಿನ್ನನ್ನ ಸುಳ್ಳುಗಾರ ಅಂತಿತ್ತು.”

ಉಳಿದ ಹತ್ತು ಜನ ಗೆದ್ದ ಖುಷಿಯಲ್ಲಿ ಬೋರ್ಡಿನ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಸೋತ ಗಿರಣಿಯವರಿಗೆ ಒಂದಾದರೇನು, ಎರಡಾದರೇನು. ಅಣ್ಣನೊಬ್ಬ ಮಾತ್ರ ಮೂವತ್ತೊಂದು ವರ್ಷ ತಮ್ಮನ ಋಣವೆಂದು ಅದನ್ನು ಹೊತ್ತಿದ್ದ. ಕತೆಯನ್ನು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದದ್ದೂ ಅದನ್ನು ಮುಚ್ಚಿಡಲಿಕ್ಕೇ. ಬೋರ್ಡಪ್ಪನಿಗೆ ತ್ಯಾಗಿಯ ಪಟ್ಟ ತಾನಾಗಿಯೇ ಒಲಿದು ಬಂದಿತ್ತು, ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೂರಲಾಗಲಿಲ್ಲ.

“ಅಣ್ಣ, ನಾನು ಬೇಕಂತ ಬಿಟ್ಟಿದ್ದಲ್ಲ. ಗೋಲು ನೋಡೇ ಇಲ್ಲ. ಇವಳನ್ನ ನೋಡ್ತಾ ಇದ್ದೆ.”

ಅಣ್ಣ ಕತ್ತಿ ಕೆಳಗಿಟ್ಟ. ಒಂದು ಗಳಿಗೆ ಕನ್ನಡಿಯಲ್ಲಿ ತಮ್ಮನನ್ನೇ ದಿಟ್ಟಿಸಿದ. ಆಮೇಲೆ ಶುರುವಾದ ನಗು ಪಕ್ಕದ ಅಂಗಡಿಯವರು ಬಂದು ಇಣುಕುವವರೆಗೂ ನಿಲ್ಲಲಿಲ್ಲ. ಒರೆಸಿಕೊಂಡ ಕಣ್ಣೀರಿನಲ್ಲಿ ನಗುವಿನದೆಷ್ಟು, ಉಳಿದದ್ದೆಷ್ಟು ಎಂದು ಬೋರ್ಡಪ್ಪ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣತಮ್ಮ ಇಬ್ಬರೂ ಏಣಿ ಹೊತ್ತು ಕ್ಲಬ್ಬಿಗೆ ಹೋದರು. ಮುಳುಗಿತು, ಐವತ್ತು ವರ್ಷದ ಮಾನ ಹೋಯಿತು ಎಂದು ಅಧ್ಯಕ್ಷರು ಬಡಬಡಿಸಿದರು. ಬೋರ್ಡಪ್ಪ ಕಪ್ಪು ಬಣ್ಣ ಬಳಿದು ಚಿನ್ನದ ಅಕ್ಷರಗಳನ್ನು ಅಳಿಸಿದ. ಅದು ಒಣಗಿದ ಮೇಲೆ ಬಿಳಿ ಬಣ್ಣದ ಡಬ್ಬಿಗೆ ಕೈಹಾಕಿದ. ಸವೆದ ಮೊಣಕಾಲಿನಲ್ಲೇ ಏಣಿ ಹಿಡಿದು ನಿಂತಿದ್ದ ಅಣ್ಣ ಕೆಳಗಿನಿಂದ ತಡೆದ.

“ಬಿಳೀದು ಯಾಕೋ? ಎರಡನೇ ಸ್ಥಾನ ಅಂತ ದೊಡ್ಡದಾಗಿ ಬರಿ. ಆಮೇಲೆ ನಮಗೆ ಅದೂ ಬಂದಿಲ್ಲ.”

ಬೋರ್ಡಪ್ಪ ಚಿನ್ನದ ಡಬ್ಬಿ ತೆರೆದ.