ಹಾಫ್‌ಬ್ಯಾಕ್ ರಾಜಣ್ಣನ ಗೋಡೆ

ಬೆಳಿಗ್ಗೆ ಇಡ್ಲಿಗೆ ನೆನೆಹಾಕಿ, ತಾರಸಿಯಲ್ಲಿ ಹೊದಿಕೆಗಳನ್ನು ಒಣಗಿಸಿ, ಗ್ಯಾಸ್ ಸಿಲಿಂಡರ್ ಬದಲಿಸಿ, ನಾಲ್ಕು ಗಂಟೆಗೆ ಚಹಾ ಸೋಸುತ್ತಿದ್ದೆ. ಅಡುಗೆಮನೆಯ ಗೋಡೆಯಾಚೆ ದಬ್, ದಬ್ ಎಂದು ಸದ್ದಾಯಿತು. ಹಿಂದೆಯೇ, ನಾನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಬಂಗಾಳಿ ಹೆಂಗಸು ಬಂದು ಬಾಗಿಲು ಬಡಿದರು.

ಬಂಗಾಳದ ಬಾರಾನಗರದ ನಮ್ಮ ಕಟ್ಟಡದಲ್ಲಿ ಕನ್ನಡದವರೆಂದರೆ ನಾವು ಮತ್ತು ಅವರ ಗಂಡ ರಾಜಣ್ಣ ಮಾತ್ರ. ಹರೆಯದಲ್ಲಿ ಬೆಂಗಳೂರಿನಿಂದ ಫುಟ್‌ಬಾಲ್ ಆಡಲು ಬಂದವರು ಇಲ್ಲೇ ಮದುವೆಯಾಗಿ ಉಳಿದರು. ಈಗ ಮರೆವಿನ ಕಾಯಿಲೆ ಅವರ ಬಂಗಾಳಿಯನ್ನೆಲ್ಲ ಅಳಿಸಿ, ಹೆಂಡತಿಗೆ ಬಾರದ ಕನ್ನಡವನ್ನಷ್ಟೇ ಉಳಿಸಿದೆ.

ಹೋಗಿ ನೋಡಿದರೆ ರಾಜಣ್ಣ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ರಕ್ತ ಹುಬ್ಬಿಗಿಳಿದಿತ್ತು. "ಬಿಡ್ರೋ, ನಾನ್ ತಗೋತೀನಿ!" ಎನ್ನುತ್ತ ಮತ್ತೆ ಗುದ್ದಿದರು. ಬರುವ ಚೆಂಡಿಗೆ ತಲೆ ಕೊಡುತ್ತಿದ್ದಾರೆಂದು ಆಗ ಹೊಳೆಯಿತು.

"ನಿನ್ನ ಭಾಷೇಲಿ ನಿಲ್ಲಿಸೋಕೆ ಹೇಳು ಮಾ," ಎಂದು ಬಂಗಾಳಿಯಲ್ಲಿ ಹೇಳುತ್ತ ಮಾಶಿಮಾ ದಿಂಬು ಅಡ್ಡ ಹಿಡಿದರು.

"ಮ್ಯಾಚ್ ಮುಗೀತು ರಾಜಣ್ಣ, ಗೆದ್ವಿ," ಎಂದೆ.

ಅವರು ಗುದ್ದುವುದನ್ನು ನಿಲ್ಲಿಸಿದರು. "ಗೋಲ್ ಯಾರು ಹೊಡೆದ್ರು?"

ಖುಷಿಯಾಗಲಿ ಎಂದು, "ನೀವೇ!" ಎಂದುಬಿಟ್ಟೆ.

ಅವರು ನನ್ನನ್ನೇ ದಿಟ್ಟಿಸಿದರು. "ಸುಳ್ಳು. ನಾನು ಹಾಫ್‌ಬ್ಯಾಕು, ಚೆಂಡು ತಡೆದು ಮುಂದಿನವ್ರಿಗೆ ಕೊಡೋನು. ಜನ್ಮದಲ್ಲಿ ಒಂದು ಗೋಲೂ ಹೊಡೆದಿಲ್ಲ ಕಣಮ್ಮ. ಮ್ಯಾಚ್ ಇನ್ನೂ ಇದೆ." ಮತ್ತೆ ಗೋಡೆಗೆ ತಿರುಗಿದರು. ಮಾಶಿಮಾ ದಿಂಬನ್ನು ಗೋಡೆಗೇ ಒತ್ತಿ ಹಿಡಿದರು; ಸದ್ದು ಮೆತ್ತಗಾಯಿತು, ನಿಲ್ಲಲಿಲ್ಲ.

"ಯಾರೋ ಗೊತ್ತಿಲ್ಲ" ಎಂದಿದ್ದರೆ ಸಾಕಿತ್ತು. ರಾತ್ರಿ ಅನ್ನ, ಬೇಳೆಸಾರು, ಸುಟ್ಟ ಹಪ್ಪಳ ಉಂಡೆವು. ಎರಡೂ ಮನೆಗಳಲ್ಲಿ ಮೊದಲು ಮಲಗಿದವರು ರಾಜಣ್ಣ. ಗೋಡೆ ಸುಮ್ಮನಾದಾಗ ನನಗದು ತಿಳಿಯಿತು.